ಗಿರಣಿಯವನ ಹಾಸಿಗೆ

ಈ ಕಥೆಯನ್ನು ಮೊದಲು ಹೇಳಿದವಳು ಹಿಟ್ಟಿನ ಗಿರಣಿಯಲ್ಲಿ ಕಾಳು ಜರಡಿ ಹಿಡಿಯುತ್ತಿದ್ದ ಮುದುಕಿ. ಗಿರಣಿ ಹೊಸಬರ ಕೈಗೆ ಬಂದ ವರ್ಷ, ಸರದಿಗಾಗಿ ಕಾದು ಕೂತ ಹೆಂಗಸರಿಗೆ ಹೇಳಿದಳು.

ಹಳೆಯ ಗಿರಣಿಯವನ ಹೆಂಡತಿ ದಿನವೂ ಬೆಳಿಗ್ಗೆ ಗಂಡನ ಹಾಸಿಗೆಯಿಂದ ಬಿಳಿ ಪುಡಿ ಕೊಡವುತ್ತಿದ್ದಳು.

"ಗಿರಣಿಯವನ ಮೈಯಿಂದ ಹಿಟ್ಟಲ್ಲದೆ ಮುತ್ತು ಉದುರುತ್ತೇನೇ?" ಎಂದು ಅವನು ನಗುತ್ತಿದ್ದ. ವರ್ಷವಿಡೀ ಅವಳೂ ಹಾಗೆಯೇ ನಂಬಿದ್ದಳು.

ಆಮೇಲೆ ಯಂತ್ರದ ಪಟ್ಟಿ ಹರಿದು ಗಿರಣಿಗೆ ಬೀಗ ಬಿತ್ತು. ಎಂಟು ದಿನ ಅವನು ಮನೆಯಲ್ಲೇ ಇದ್ದ, ದಿನವೂ ಮಿಂದ. ಆದರೂ ಒಂಬತ್ತನೆಯ ಬೆಳಿಗ್ಗೆ ಹಾಸಿಗೆ ಬೆಳ್ಳಗಿತ್ತು. ಅವಳು ಆ ಪುಡಿಯನ್ನು ಬಟ್ಟಲು ನೀರಿಗೆ ಹಾಕಿ ಕಲಕಿದಳು. ಹಿಟ್ಟಾಗಿದ್ದರೆ ನೀರು ಹಾಲಿನಂತಾಗಬೇಕಿತ್ತು. ಪುಡಿ ಮೀನಿನ ಹುರುಪೆಯಂತೆ ತೇಲಿತು. ಅವಳು ಗಂಡನನ್ನು ಎಬ್ಬಿಸಿದಳು.

"ರೀ, ಇದು ಹಿಟ್ಟಲ್ಲ. ಏಳಿ, ಡಾಕ್ಟರ ಹತ್ರ ಹೋಗೋಣ."

ಡಾಕ್ಟರು ಅವನ ಬಿರಿದ ಕಾಲುಗಳನ್ನು ನೋಡಿದರು, ಕಂಕುಳನ್ನು ಒತ್ತಿ ನೋಡಿದರು. ಅಲ್ಲಿ ಗಡ್ಡೆಗಳಿದ್ದವು. ಪರೀಕ್ಷೆಗಳು ಮುಗಿದ ಮೇಲೆ ಅವಳನ್ನು ಕರೆದರು.

"ಗ್ರಂಥಿಗಳ ಕ್ಯಾನ್ಸರ್, ಅಮ್ಮಾ. ಆ ಪುಡಿ ಇದರಿಂದಲೇ ಒಣಗಿ ಉದುರಿದ ಚರ್ಮ; ವರ್ಷದಿಂದ ಹೇಳ್ತಾನೇ ಇತ್ತು. ಈಗ ಮೈಯೆಲ್ಲ ಹರಡಿದೆ."

"ನಾನು ದಿನಾ ಕೊಡವಿ ಹಾಕ್ತಿದ್ದೆ, ಡಾಕ್ಟ್ರೇ," ಎಂದಳು ಅವಳು.

ಮುದುಕಿ ಜರಡಿ ಕೆಳಗಿಟ್ಟಳು. ಗಿರಣಿ ಯಾಕೆ ಹೊಸಬರ ಕೈಗೆ ಬಂತೆಂದು ಎಲ್ಲರಿಗೂ ತಿಳಿಯಿತು. ಹೆಂಗಸರು ಬಿಸಿ ಹಿಟ್ಟಿನ ಡಬ್ಬಿಗಳನ್ನೆತ್ತಿಕೊಂಡು ಮನೆಗೆ ಹೋದರು.