ಲವೀನಿಯಾ ಪ್ರೂಯಿಟ್ ಮನೆ ನೋಡಿದ್ದು

ನಮ್ಮ ಕಚೇರಿಯ ಕೆಲಸ ಜಗಳ ಬಿಡಿಸುವುದು. ಮೈಬಣ್ಣ ನೋಡಿ ಮನೆ ಇಲ್ಲವೆಂದರು, ಮಕ್ಕಳಿದ್ದಾರೆಂದು ಬೇಡವೆಂದರು, ಗಾಲಿಕುರ್ಚಿ ಕಂಡು ಬಾಗಿಲು ಹಾಕಿಕೊಂಡರು ಎಂದು ದೂರು ಬಂದರೆ, ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲು ಎರಡೂ ಕಡೆಯವರನ್ನು ಒಂದೇ ಮೇಜಿಗೆ ಕೂರಿಸಿ ರಾಜಿ ಮಾಡಿಸುತ್ತೇವೆ. ಒಹಾಯೋದ ಈ ಊರಿನಲ್ಲಿ ಹದಿನೇಳು ವರ್ಷದಿಂದ ಆ ಮೇಜಿನ ನಡುವೆ ಕೂತಿರುವವನು ನಾನು, ಟಾಲ್ಬಟ್. ಈ ಹದಿನೇಳು ವರ್ಷದಲ್ಲಿ ತಾರತಮ್ಯ ಮಾಡಿದ ಒಬ್ಬನೇ ಒಬ್ಬ ಮಾಲೀಕನನ್ನೂ ನಾನು ಕಂಡಿಲ್ಲ. ಬಂದವರೆಲ್ಲ ಬಂಗಾರದಂಥವರು. 'ತಪ್ಪು ತಿಳಿವಳಿಕೆ' ಎಂಬ ಪಿಶಾಚಿಯೊಂದು ಊರಲ್ಲಿ ಅಲೆಯುತ್ತ, ಆಗಾಗ ಅವರ ಬಾಯಲ್ಲಿ ಹೊಕ್ಕು ಮಾತಾಡಿ ಹೋಗುತ್ತದೆ, ಅಷ್ಟೆ.

ಲವೀನಿಯಾ ಪ್ರೂಯಿಟ್ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಕಪ್ಪು ಹೆಂಗಸು. ಮಂಡಿನೋವು ಜಾಸ್ತಿಯಾಗಿ, ಮೂರನೇ ಮಹಡಿಯ ಮನೆ ಬಿಟ್ಟು ಕೆಳಗಿನ ಮನೆ ಹುಡುಕುತ್ತಿದ್ದಳು. ವರ್ಲಿನ್ ಸ್ಟಕಿ ಎಂಬಾತನ ಹನ್ನೆರಡು ಮನೆಗಳ ಕಟ್ಟಡದಲ್ಲಿ ಅಂಥದ್ದೊಂದು ಖಾಲಿ ಇತ್ತು. ಫೋನಿನಲ್ಲಿ ಅವನು ಜೇನಿನಂತೆ ಮಾತಾಡಿ "ಬನ್ನಿ ಮೇಡಂ, ಈಗಲೇ ಬನ್ನಿ" ಎಂದ. ಹನ್ನೊಂದಕ್ಕೆ ಅವಳು ಬಾಗಿಲಲ್ಲಿ ನಿಂತಾಗ ಅವಳ ಮುಖ ನೋಡಿ, "ಅಯ್ಯೋ, ಈಗಷ್ಟೇ ಹೋಗ್ಬಿಡ್ತಲ್ಲ!" ಎಂದ. ಕಿಟಕಿಯಲ್ಲಿ 'ಬಾಡಿಗೆಗಿದೆ' ಫಲಕ ಹಾಗೆಯೇ ನೇತಾಡುತ್ತಿತ್ತು.

ಲವೀನಿಯಾ ಜಗಳವಾಡಲಿಲ್ಲ. ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಟದ ಗೆಳತಿ ಡಾಟಿಯ ಮನೆಗೆ ಹೋಗಿ ವಿಷಯ ಹೇಳಿದಳು. ಡಾಟಿ ಬಿಳಿಯಳು, ಮಧ್ಯಾಹ್ನ ಎರಡಕ್ಕೆ ಅವಳೇ ಹೋಗಿ ಅದೇ ಮನೆಯ ಒಂದೊಂದು ಕೋಣೆಯನ್ನೂ ನೋಡಿ, ಸ್ಟಕಿ ಕೊಟ್ಟ ಓಟ್ಸ್ ಬಿಸ್ಕತ್ತನ್ನೂ ತಿಂದು ಬಂದಳು. "ಬೇರೆ ಯಾರಾದ್ರೂ ಕೇಳಿದಾರಾ?" ಎಂದದ್ದಕ್ಕೆ "ನಿಮ್ಮಂಥೋರು ಬರ್ಲಿ ಅಂತಾನೇ ಕಾಯ್ತಿದ್ದೆ" ಎಂದನಂತೆ. ಮರುದಿನ ಗೆಳತಿಯರಿಬ್ಬರೂ ನಮ್ಮ ಕಚೇರಿಯಲ್ಲಿದ್ದರು.

ರಾಜಿಯ ದಿನ ಸ್ಟಕಿ ತನ್ನ ವಕೀಲ ಗ್ರಾಂಜರ್ ಜೊತೆಗೆ ಒಂದು ಡಬ್ಬ ಡೋನಟ್ ತಂದಿದ್ದ. ಎಲ್ಲರಿಗಿಂತ ಮೊದಲು ಅದನ್ನು ಲವೀನಿಯಾಳ ಮುಂದೆ ಹಿಡಿದು, ನಾನು ನೋಡಿದೆನೋ ಇಲ್ಲವೋ ಎಂದು ಖಾತ್ರಿ ಮಾಡಿಕೊಂಡ.

"ಟಾಲ್ಬಟ್ ಸಾಹೇಬ್ರೇ, ಒಂದು ಮಾತು ಬರ್ಕೊಳ್ಳಿ. ನಂಗೆ ಬಣ್ಣ ಅನ್ನೋದೇ ಕಾಣ್ಸಲ್ಲ."

ಲವೀನಿಯಾ ಡೋನಟ್ ಮುರಿಯುತ್ತ ಕೇಳಿದಳು: "ಮೇನ್ ಸ್ಟ್ರೀಟ್‌ನಲ್ಲಿ ಮೂವತ್ತು ವರ್ಷ ಪೇಂಟ್ ಅಂಗಡಿ ಇಟ್ಟಿದ್ದೋರು ನೀವೇ ಅಲ್ವಾ?"

"ಹೌದು..."

"ಬಿಳೀಲೇ ನಲವತ್ತು ಥರ ಮಾರ್ತಿದ್ರಂತೆ. ಕಣ್ಣು ಯಾವಾಗ ಹೋಯ್ತು ಪಾಪ?"

ವಕೀಲ ಕೆಮ್ಮಿದ. ನಾನು ಫೈಲಿನಲ್ಲಿ ತಲೆ ಹುದುಗಿಸಿದೆ; ರಾಜಿ ಮಾಡಿಸುವವನು ನಗುವಂತಿಲ್ಲ.

ಪರಿಹಾರದ ಹಣದ ಮಾತು ಕಾಫಿ ಆರುವ ಮುಂಚೆಯೇ ಮುಗಿಯಿತು. ಕೊಡುವುದು ವಿಮೆ ಕಂಪನಿ, ಸ್ಟಕಿಗೇನು. ಒಂದು ದಿನದ ತರಬೇತಿಗೆ ಹೋಗಲು ಒಪ್ಪಿದ. ಹಜಾರದಲ್ಲಿ ಕಾನೂನಿನ ಭಿತ್ತಿಪತ್ರ ಅಂಟಿಸಲು ಒಪ್ಪಿದ. ಮನೆ ಕೇಳಿ ಬಂದ ಪ್ರತಿಯೊಬ್ಬರ ಹೆಸರನ್ನೂ ಮೂರು ತಿಂಗಳಿಗೊಮ್ಮೆ ನಮಗೆ ಕಳಿಸಲು ಒಪ್ಪಿದ. ಬಂಡಿ ಹೂತದ್ದು ಒಂದೇ ಪದದಲ್ಲಿ. ಲವೀನಿಯಾ 'ವಿಷಾದಿಸುತ್ತೇನೆ' ಎಂದು ಬರೆದುಕೊಡಿ ಎಂದಳು.

"ಆಗಲ್ಲ," ಎಂದ ಗ್ರಾಂಜರ್. "ವಿಷಾದ ಅಂದ್ರೆ ಏನೋ ನಡೆದಿದೆ ಅಂತ ಒಪ್ಕೊಂಡ ಹಾಗೆ."

"ನಡೆದಿದೆಯಲ್ಲ!"

"ನಡೆದಿದೆ ಅಂತ ನೀವು ಹೇಳ್ತಿದೀರಿ. ನಡೆದಿಲ್ಲ ಅಂತ ನಾವೂ ಹೇಳ್ತಿಲ್ಲ. ನಡೆದಿದ್ರೆ, ಅದು ನಮ್ಮ ಅರಿವಿಗೆ ಬರದೇ ನಡೆದಿದೆ."

ನಾಲ್ಕು ಗಂಟೆಗಳ ಕಾಲ ಇದೇ ಹಗ್ಗಜಗ್ಗಾಟ. ಎರಡೂ ಕಡೆಯವರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ನಾನು ನಡುವೆ ಹನ್ನೊಂದು ಸಲ ಓಡಾಡಿದೆ. ಊಟದ ಹೊತ್ತಿಗೆ ವಕೀಲ ಮಹಾಶಯ ಒಂದು ವಾಕ್ಯ ಹೆತ್ತ: 'ಶ್ರೀಮತಿ ಪ್ರೂಯಿಟ್ ಅವರಿಗೆ ಒಂದು ವೇಳೆ ಬೇಸರ ಉಂಟಾಗಿದ್ದಲ್ಲಿ, ಹಾಗೆ ಉಂಟಾಗಿರಬಹುದಾದ ಬೇಸರವನ್ನು ಶ್ರೀ ಸ್ಟಕಿ ಅವರು ಗಮನಿಸಿರುತ್ತಾರೆ.'

ಲವೀನಿಯಾ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟಳು. "ಇದನ್ನ ಹರಿದು ಬಿಸಾಕಿ. ನಂಗೆ ಆ ಪದಾನೂ ಬೇಡ. ಅವತ್ತು ಯಾಕೆ ಹೋಗಿದ್ದೆ ನಾನು? ಮನೆ ನೋಡಕ್ಕೆ. ಡಾಟಿಗೆ ತೋರಿಸಿದ ಹಾಗೆ ನಂಗೂ ತೋರಿಸ್ಲಿ, ಸಾಕು."

ಸ್ಟಕಿಗೆ ಪ್ರಾಣ ಬಂದಂತಾಯಿತು. ಎಲ್ಲಕ್ಕಿಂತ ಅಗ್ಗದ ಷರತ್ತು! ದೂರು ಮುಗಿಯುವವರೆಗೆ ಆ ಮನೆ ಯಾರಿಗೂ ಕೊಡಬಾರದೆಂದು ಮೊದಲೇ ಒಪ್ಪಿಸಿದ್ದರಿಂದ ಅದು ಖಾಲಿಯೇ ಇತ್ತು. ಅವಳು ಇಷ್ಟಪಟ್ಟರೆ ಅವಳಿಗೇ ಕೊಡಬೇಕೆಂದು ನಾನು ಸೇರಿಸಿದೆ. ಎಲ್ಲರೂ ಸಹಿ ಹಾಕಿದರು.

ಮಾರನೆಯ ಬೆಳಿಗ್ಗೆ ನಾನೇ ಅವಳನ್ನು ಕಾರಿನಲ್ಲಿ ಕರೆದೊಯ್ದೆ. ಕಟ್ಟಡದ ಮುಂದೆ ಕಾರು ನಿಲ್ಲಿಸಿದಾಗ ಅವಳು ಇಳಿಯಲಿಲ್ಲ.

"ಅವತ್ತು ನೀಲಿ ಕೋಟು ಇಸ್ತ್ರಿ ಮಾಡ್ಕೊಂಡು ಬಂದಿದ್ದೆ ಕಣ್ರೀ. ಚರ್ಚಿಗೆ ಹಾಕೋದು. ವಾಪಸ್ ಬಂದು ಇಲ್ಲೇ, ಇದೇ ಜಾಗದಲ್ಲಿ, ಗಾಡಿಯೊಳಗೆ ಕೂತಿದ್ದೆ, ಎಷ್ಟು ಹೊತ್ತೋ. ಅವನ ಮೇಲೆ ಸಿಟ್ಟು ಬರ್ಲಿಲ್ಲ. ಕೋಟು ಇಸ್ತ್ರಿ ಮಾಡಿದ್ನಲ್ಲ ಅಂತ ನನ್ ಮೇಲೇ ನಾಚ್ಕೆ ಆಯ್ತು."

ನಾನು ಇಳಿದು ಅವಳ ಕಡೆಯ ಬಾಗಿಲು ತೆಗೆದು ಹಿಡಿದೆ.

ಒಳಗೆ ಸ್ಟಕಿ ಮಾಲೀಕನಾಗಿಬಿಟ್ಟಿದ್ದ. ಅಭ್ಯಾಸಬಲ ದೊಡ್ಡದು. ದೂರು, ವಕೀಲ ಎಲ್ಲ ಮರೆತು, "ನೋಡಿ ಮೇಡಂ ಎಂಥಾ ಬೆಳಕು! ಎಂಥಾ ನೆಲ! ಓಕ್ ಮರ, ಅಸಲಿ!" ಎಂದು ಮುಂದೆ ಮುಂದೆ ಓಡುತ್ತಿದ್ದ. ಲವೀನಿಯಾ ಆತುರಪಡಲಿಲ್ಲ. ಬೆಳಿಗ್ಗೆ ಬಸ್ಸು ಹೊರಡಿಸುವ ಮೊದಲು ಸುತ್ತಲೂ ತಟ್ಟಿ ನೋಡುವವಳ ಹಾಗೆ ಶುರುಮಾಡಿದಳು. ಎಲ್ಲ ನಲ್ಲಿ ತಿರುಗಿಸಿದಳು. ಒಲೆಯ ನಾಲ್ಕೂ ಉರಿ ಹಚ್ಚಿದಳು. ಫ್ಲಶ್ ಮಾಡಿ, ನೀರು ತುಂಬುವವರೆಗೆ ನಿಂತು, ಮತ್ತೆ ಮಾಡಿದಳು. ಸ್ನಾನದ ತೊಟ್ಟಿಯ ಅಂಚಿಗೆ ಕಾಲೆತ್ತಿ ನೋಡಿ ಇಳಿಸಿದಳು. ಮಲಗುವ ಕೋಣೆಯ ಕಿಟಕಿ ಮೇಲೆತ್ತಲು ಹೋದಳು. ಅದು ಜಪ್ಪಯ್ಯ ಎನ್ನಲಿಲ್ಲ.

"ಪೇಂಟಿಂದಾನೇ ಅಂಟ್ಕೊಂಡಿದೆ," ಎಂದಳು.

"ಐದು ಕೋಟ್ ಹೊಡಿಸಿದೀನಿ!" ಸ್ಟಕಿ ಹೆಮ್ಮೆಯಿಂದ ಹೇಳಿದ.

ಮುಕ್ಕಾಲು ಗಂಟೆಯ ಮೇಲೆ ಅವಳು ಹಜಾರಕ್ಕೆ ಬಂದು ಕೈ ಒರೆಸಿಕೊಂಡಳು. "ಥ್ಯಾಂಕ್ಸ್ ಸ್ಟಕಿಯವ್ರೇ. ನಂಗೆ ಬೇಡ."

ಅವನಿಗೆ ಅರ್ಥವೇ ಆಗಲಿಲ್ಲ. "ಬೇಡ್ವಾ? ಏನು ಬೇಡ?"

"ಮನೆ. ತೊಟ್ಟಿ ಎತ್ತರ, ನನ್ನ ಮಂಡಿಗೆ ಆಗಲ್ಲ. ಕಿಟಕಿ ತೆಗೆಯಲ್ಲ. ಅಡುಗೆಮನೆ ಕತ್ತಲು."

"ಇದಕ್ಕೋಸ್ಕರ ನಾಲ್ಕು ತಿಂಗಳಿಂದ ನನ್ನ ಜೀವ ತಿಂದ್ರಲ್ರೀ! ಈಗ ಬೇಡ ಅಂದ್ರೆ?"

"ನೀವು ನನ್ನ ಮುಖ ಮಾತ್ರ ನೋಡಿ ಇಲ್ಲ ಅಂದ್ರಿ," ಎಂದಳು ಲವೀನಿಯಾ ನಿಧಾನವಾಗಿ. "ನಾನು ಫ್ಲಶ್ ಸಮೇತ ನೋಡಿ ಇಲ್ಲ ಅಂತಿದೀನಿ."

ಕಾರಿನಲ್ಲಿ ಅವಳು ದಾರಿಯುದ್ದಕ್ಕೂ ನಕ್ಕಳು. ನನಗೂ ನಗಲು ಅಡ್ಡಿಯಿರಲಿಲ್ಲ; ಫೈಲು ಮುಚ್ಚಿತ್ತು.

ಎರಡು ದಿನಕ್ಕೆ ಸ್ಟಕಿಯ ಫೋನು. "ಟಾಲ್ಬಟ್ ಸಾಹೇಬ್ರೇ, ಒಂದು ವಿಷಯ ಕೇಳ್ಬೇಕಿತ್ತು. ನನ್ನ ಮನೇನ ಬೇಡ ಅಂದ್ರಲ್ಲ, ಅದರ ಮೇಲೆ ನಾನೊಂದು ದೂರು ಕೊಡಬಹುದಾ?"

"ಯಾವ ಕಾರಣಕ್ಕೆ?"

"ಅವಮಾನ ಆಯ್ತು ಸಾಹೇಬ್ರೇ. ಎರಡು ರಾತ್ರಿ ನಿದ್ದೆ ಇಲ್ಲ. ನಂದೇನು ತಪ್ಪು ಅಂತ?"

ಈ ಪ್ರಶ್ನೆ ನಮ್ಮ ಕಚೇರಿಯಲ್ಲಿ ದಿನವೂ ನನ್ನ ಕಿವಿಗೆ ಬೀಳುತ್ತದೆ, ಆದರೆ ಮೇಜಿನ ಮಾಲೀಕರ ಬದಿಯಿಂದ ಬಂದದ್ದು ಅದೇ ಮೊದಲು. ಅಂಥ ದೂರಿಗೆ ನಮ್ಮಲ್ಲಿ ನಮೂನೆಯಿಲ್ಲ ಎಂದು ತಿಳಿಸಿದೆ. "ಇರಬೇಕಿತ್ತು," ಎಂದು ಫೋನಿಟ್ಟ.

ತರಬೇತಿಗೆ ಹೋದ ಸ್ಟಕಿ ಮೊದಲ ಸಾಲಿನಲ್ಲಿ ಕೂತು ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದನಂತೆ. ಸಿಕ್ಕ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ, ಸರಿಯಾಗಿ ಕಾನೂನಿನ ಭಿತ್ತಿಪತ್ರ ಮುಚ್ಚುವಂತೆ. ಅದನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ ಎಂದು ನಾನು ಪತ್ರ ಬರೆಯಬೇಕಾಯಿತು.

ಲವೀನಿಯಾ ಆಮೇಲೆ ನಾಲ್ಕು ಮನೆ ನೋಡಿ, ಬೌಲಿಂಗ್ ಆಡುವ ಜಾಗದ ಹಿಂದಿನ ಬೀದಿಯಲ್ಲಿ ಒಂದನ್ನು ಹಿಡಿದಳು. ಒಡತಿಗೂ ಮಂಡಿನೋವಂತೆ, ಬಾಡಿಗೆಯ ಮಾತಿಗಿಂತ ಮುಲಾಮಿನ ಮಾತೇ ಹೆಚ್ಚಾಯಿತಂತೆ.

ಸ್ಟಕಿಯ ಮೊದಲ ವರದಿ ಜೂನ್‌ನಲ್ಲಿ ಬಂತು. ಲವೀನಿಯಾ ಬಿಟ್ಟ ಮನೆಯನ್ನು ಇಬ್ಬರು ನೋಡಿ ಬೇಡವೆಂದಿದ್ದರು. ಮೂರನೆಯವಳು ಒಪ್ಪಿದ್ದಳು: ಫಡೂಮೊ ಎಂಬ ಸೋಮಾಲಿ ನರ್ಸು, ಇಬ್ಬರು ಮಕ್ಕಳು. ಖುದ್ದು ನೋಡಿಬರೋಣವೆಂದು ಹೋದೆ. ಹಜಾರದಲ್ಲಿ ಎರಡು ಪುಟ್ಟ ಸೈಕಲ್ಲುಗಳು ಒರಗಿದ್ದವು. ಒಳಗೆ ಸ್ಟಕಿ ಮಲಗುವ ಕೋಣೆಯ ಆ ಕಿಟಕಿಯ ಬಣ್ಣವನ್ನು ಉಜ್ಜಿ ಕೀಳುತ್ತ ಬೆವರುತ್ತಿದ್ದ. ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ಫಡೂಮೊ, "ಆ ಮೂಲೆ ಬಿಟ್ಟಿದೀರಿ ನೋಡಿ," ಎನ್ನುತ್ತಿದ್ದಳು.