ಅರಿಶಿನ ನೀರು ಕುಡಿದ ಲ್ಯಾಪ್‌ಟಾಪ್

ತಪ್ಪು ಮಾಡಿದವರ ಕಿವಿ ಸದಾ ನೆಟ್ಟಗಿರುತ್ತದೆ. ತಮಿಳುನಾಡಿನ ಕಾಮಯಗೌಂಡನ್‌ಪಟ್ಟಿಯ ಪೊನ್ನುತಾಯಿಯ ಕಿವಿಯಂತೂ ಪೊಂಗಲ್ ಕಳೆದಂದಿನಿಂದ ಮಗಳ ಕೋಣೆಯ ಬಾಗಿಲಿಗೇ ಅಂಟಿಕೊಂಡಿತ್ತು. ಸಂಜೆ ಆರಕ್ಕೆ ಅಭಿರಾಮಿ ಲ್ಯಾಪ್‌ಟಾಪ್ ತೆರೆದು ಆನ್‌ಲೈನಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡಲು ಕೂರುವಳು. ಲೆಕ್ಕ ಅರ್ಧಕ್ಕೆ ಬಂತೋ ಇಲ್ಲವೋ, ಆ ಪೆಟ್ಟಿಗೆ ಮುಖ ಕಪ್ಪು ಮಾಡಿಕೊಂಡು ನಿಂತುಬಿಡುವುದು. ಹನ್ನೆರಡು ಮಕ್ಕಳಿದ್ದವರು ಎಂಟಾದರು. ಹೀಗೇ ಆದರೆ ಪಾಠ ನಿಲ್ಲಿಸಬೇಕಾಗುತ್ತದೆ ಎಂದು ಮಗಳು ಫೋನಿನಲ್ಲಿ ಹೇಳಿದ್ದನ್ನು ಕೇಳಿದ ದಿನ ಪೊನ್ನುತಾಯಿ ಊಟದ ತಟ್ಟೆ ಸರಿಸಿ ಎದ್ದಳು.

ಯಾಕೆಂದರೆ ಅದಕ್ಕೆ ನೀರು ಕುಡಿಸಿದವಳು ಅವಳೇ. ದನಗಳ ಹಬ್ಬವಾದ ಮಾಟ್ಟುಪ್ಪೊಂಗಲ್ ದಿನ ಹಸು, ಎತ್ತು, ನೇಗಿಲು, ಗುದ್ದಲಿಗಳಿಗೆಲ್ಲ ಮಾವಿನೆಲೆಯಿಂದ ಅರಿಶಿನ ನೀರು ಚಿಮುಕಿಸಿ ಕುಂಕುಮ ಇಡುತ್ತ ಬಂದವಳಿಗೆ ಮೇಜಿನ ಮೇಲೆ ಬಾಯಿ ತೆರೆದು ಕೂತ ಲ್ಯಾಪ್‌ಟಾಪ್ ಕಾಣಿಸಿತು. ಅಭಿರಾಮಿ ಪ್ಲಸ್ ಟೂ ಓದುವಾಗ ಸರ್ಕಾರ ಪುಕ್ಕಟೆ ಕೊಟ್ಟದ್ದು. ಕಾಲೇಜು ಮುಗಿಸಿದ್ದು ಅದರಲ್ಲಿ, ಈಗ ಸಂಪಾದಿಸುವುದೂ ಅದರಲ್ಲಿ. ಮನೆಗಾಗಿ ದುಡಿಯುವುದನ್ನು ಹಬ್ಬದ ದಿನ ಹೊರಗಿಡುವುದುಂಟೇ? ಮುಚ್ಚಳಕ್ಕೆ ಕುಂಕುಮ ಇಟ್ಟು, ಎಲೆ ಅದ್ದಿ ಎರಡು ಸಲ ಚಿಮುಕಿಸಿದಳು. ಭಕ್ತಿ ಹೆಚ್ಚಾದರೆ ನೀರೂ ಹೆಚ್ಚಾಗುತ್ತದೆ, ಏನು ಮಾಡೋಣ!

ಹಳೆಯದನ್ನು ಅಂಗಡಿಗೆ ಕೊಟ್ಟು ಹೊಸದು ತಂದರಾಯಿತು ಎಂದ ಗಂಡ ಪೆರಿಯಣ್ಣನ್. ಪೊನ್ನುತಾಯಿ ಒಪ್ಪಲಿಲ್ಲ. ದುಡಿದು ಮುದಿಯಾದ ಎತ್ತನ್ನು ಆ ಮನೆಯಲ್ಲಿ ಯಾರೂ ವ್ಯಾಪಾರಿಗೆ ಮಾರಿದವರಲ್ಲ. ಕೊನೆಯವರೆಗೂ ಕೊಟ್ಟಿಗೆಯಲ್ಲೇ ಹುಲ್ಲು ಹಾಕಿದವರು. ಇದೇನು ಹುಲ್ಲು ತಿನ್ನುತ್ತದೆಯೇ ಎಂದು ಪೆರಿಯಣ್ಣನ್ ನಕ್ಕ. ತಿನ್ನದಿದ್ದರೆ ಇಟ್ಟುಕೊಳ್ಳುವುದು ಇನ್ನೂ ಸುಲಭ ಎಂದಳು ಅವಳು. ಅಭಿರಾಮಿ ಮಾತ್ರ ಎಂದಿನಂತೆ ತಮಿಳಿನಲ್ಲಿ, ನೋಡೋಣ ಎಂದಳು. ಅವ್ವ ಆಡುವ ಮನೆಮಾತು ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಯಾವಾಗಲೂ ತಮಿಳು.

ತೇನಿಯ ಅಂಗಡಿಗೆ ಪೊನ್ನುತಾಯಿ ಹಟ ಹಿಡಿದು ಜೊತೆಗೆ ಹೋದಳು. ರಿಪೇರಿ ಮಾಡುವ ಹರಿಹರನ್ ಎರಡು ದಾರಿ ಹೇಳಿದ. ಒಳಗಿನ ಡಿಸ್ಕ್ ಬದಲಿಸಿ, ಮೆಮೊರಿ ಹೆಚ್ಚಿಸಿದರೆ ಹಳೆಯದೇ ಇನ್ನು ಮೂರು ವರ್ಷ ನಿಲ್ಲದೆ ಓಡುತ್ತದೆ. ಇಲ್ಲವೇ ಇದನ್ನು ಕೊಟ್ಟು, ಉಳಿದ ಹಣ ಕಟ್ಟಿ ಹೊಸದು ಒಯ್ಯಬಹುದು. ಗಾಜಿನ ಮೇಜಿನ ಮೇಲೆ ಹೊಸದೊಂದು ಮಿನುಗುತ್ತಿತ್ತು. ಅಭಿರಾಮಿ ಅದರ ಕೀಲಿಗಳ ಮೇಲೆ ಒಮ್ಮೆ ಬೆರಳಾಡಿಸಿದಳು. ಪೊನ್ನುತಾಯಿ ಅದನ್ನು ನೋಡಿದಳು.

ಹರಿಹರನ್ ಹಳೆಯದನ್ನು ಬಿಚ್ಚಿದ. ಒಳಗೆಲ್ಲ ಹಳದಿ ಕಲೆ. ಇದರಲ್ಲಿ ಸಾಂಬಾರ್ ಮಾಡಿದಿರಾ ಎಂದು ಕೇಳಿದ.

ಪೊನ್ನುತಾಯಿಗೆ ಇನ್ನು ತಡೆಯಲಾಗಲಿಲ್ಲ. "ನಾನೇ ಕೆಡ್ಸಿದ್ದು, ನನ್ ಕಣ್ಣೇ. ಹಬ್ಬದ ದಿನ ಅರಿಶ್ಣದ ನೀರ್ ಹಾಕ್ಬುಟ್ಟೆ. ಇದ ಕೊಟ್ಬುಡು, ಹೊಸದೇ ತಗೋ."

ನೀರಿನಿಂದ ಕೆಟ್ಟದ್ದು ನಾಲ್ಕು ಕೀಲಿ ಮಾತ್ರ, ನಿಂತುಹೋಗುವುದು ಡಿಸ್ಕ್ ಹಳತಾಗಿ ಎಂದ ಹರಿಹರನ್. ಪೊನ್ನುತಾಯಿ ಮಗಳ ಮುಖ ನೋಡಿದಳು. ಅಲ್ಲಿ ಕೋಪವಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಹಬ್ಬದ ಸಂಜೆಯೇ ತನಗೆ ಗೊತ್ತಾಗಿತ್ತು, ಕೀಲಿಗಳನ್ನು ಬಟ್ಟೆಯಲ್ಲಿ ಒರೆಸಿದ್ದೂ ತಾನೇ ಎಂದಳು ಅಭಿರಾಮಿ. ಹೇಳಿದ್ದರೆ ಅವ್ವ ಊಟ ಬಿಡುತ್ತಿದ್ದಳು ಎಂದು ಸುಮ್ಮನಿದ್ದಳಂತೆ. ಹೇಳದೆಯೂ ಬಿಟ್ಟಿದ್ದೆನಲ್ಲ ಎಂದುಕೊಂಡಳು ಪೊನ್ನುತಾಯಿ.

ಹಾಗಾದರೆ ಇದನ್ನು ಕೊಟ್ಟುಬಿಡುವುದೇ ಎಂದು ಹರಿಹರನ್ ಮತ್ತೆ ಕೇಳಿದ. ಅಭಿರಾಮಿ ಹೊಸದರ ಕಡೆ ಇನ್ನೊಮ್ಮೆ ನೋಡಿದಳು. ಆಮೇಲೆ ಅವ್ವನ ಕಡೆ ತಿರುಗಿ, ಮಗುವಿನಂತೆ ತಡವರಿಸುತ್ತ ಮನೆಮಾತಿನಲ್ಲೇ ಹೇಳಿದಳು:

"ನಮ್ಗಾಗಿ ದುಡ್ದಿದ್ನ ನಾವು ಮಾರಾಕಿಲ್ಲ, ಅವ್ವಾ."

ಪೊನ್ನುತಾಯಿ ಸೆರಗು ಕಣ್ಣಿಗೊತ್ತಿಕೊಂಡಳು. ಅಳು ಬಂದದ್ದು ಲ್ಯಾಪ್‌ಟಾಪಿಗಾಗಿ ಅಲ್ಲ.

ಹೊಸ ಡಿಸ್ಕ್ ಹಾಕಿ, ಕೀಲಿಮಣೆ ಬದಲಿಸಿ, ಹರಿಹರನ್ ಮುಚ್ಚಳ ಒರೆಸಲು ಒದ್ದೆ ಬಟ್ಟೆ ತೆಗೆದ. ಅಲ್ಲಿ ಹಬ್ಬದ ಕುಂಕುಮ ಇನ್ನೂ ಇತ್ತು. ಅಭಿರಾಮಿ ಅದರ ಮೇಲೆ ಅಂಗೈ ಇಟ್ಟು, ಅದೊಂದು ಇರಲಿ ಎಂದಳು.