ನಿಲ್ಲುವಷ್ಟು ದೂರ

ಚಟ್, ಮತ್ತೆ ಚಟ್, ಶಾರವ್ವ ವೀಳ್ಯದೆಲೆಯ ತೊಟ್ಟು ಚಿವುಟುತ್ತಿದ್ದಾಳೆ, ಎಲೆಯ ಮೇಲೆ ಎಲೆ ಇಡುತ್ತಾಳೆ, ಮುಖ ಎತ್ತುವುದಿಲ್ಲ, ಎತ್ತದಿದ್ದರೇ ಒಳ್ಳೆಯದು ಎಂದುಕೊಂಡ ಶರಣು, ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು, ಬೆನ್ನೂ ತನ್ನದಲ್ಲ ಅನ್ನಿಸುವಷ್ಟು ದಣಿವು, ಹತ್ತಿಮತ್ತೂರಿಗೆ ಬರಬೇಡವೆಂದು ಹೆಂಡತಿ ಶ್ವೇತಾ ಬಡಕೊಂಡಿದ್ದಳು, ಸತ್ತವರ ಮನಿಗ್ಯಾಕ ಹೊಂಟೀರಿ, ರೈಲು ನಡಿಸಿದಾವ್ರು ನೀವ ಅಂತ ಗೊತ್ತಾದ್ರ ಸುಮ್ನ ಬಿಟ್ಟಾರೇನ್ರಿ, ಬಿಡದಿದ್ದರೆ ಬೇಡ, ಹೊಸ್ತಿಲಲ್ಲೇ ಹೇಳಿಬಿಟ್ಟಿದ್ದಾನೆ ಆ ರೈಲು ನಡೆಸಿದವನು ನಾನೇ ಎಂದು, ನಾಳೆ ಹುಬ್ಬಳ್ಳಿಯಲ್ಲಿ ಮತ್ತೆ ಎಂಜಿನ್ ಹತ್ತಬೇಕು, ಅದೇ ಹಳಿ, ಅದೇ ತಿರುವು — ತಿರುವು ದಾಟಿದೊಡನೆ ಎಮ್ಮೆ ಕಾಣುತ್ತದೆ, ಎಮ್ಮೆಯ ಹಿಂದೆ ಮನುಷ್ಯ, ಇವಳ ಗಂಡ ಭರಮಪ್ಪ, ಎರಡೂ ಕೈಯಿಂದ ಅದನ್ನು ದಬ್ಬುತ್ತಿದ್ದಾನೆ, ಆಮೇಲೆ ಕೈ — ಬೇಡ, ಆ ಕೈ ಬೇಡ, ಚಾ ಆರಾಕತ್ತೈತಿ ಕುಡೀರಿ, ಎಂದಳು ಶಾರವ್ವ, ಲೋಟದ ಮೇಲೆ ಕೆನೆ ಕಟ್ಟಿದೆ, ಅಂಗಳದಲ್ಲಿ ಅದೇ ಎಮ್ಮೆ ಜೋಳದ ಕಣಕಿ ತಿನ್ನುತ್ತಿದೆ, ಮೈಮೇಲೆ ಒಂದು ಗೀರೂ ಇಲ್ಲ.

ಬ್ರೇಕು ಹೊಸದು, ಅದನ್ನು ಹೇಗೆ ಹೇಳುವುದು ಇವಳಿಗೆ, ಹಳೆಯದರಲ್ಲಿ ಮುಂದಿನ ಡಬ್ಬಿ ಮೊದಲು ಹಿಡಿದು ಹಿಂದಿನದು ಆಮೇಲೆ ಹಿಡಿಯುತ್ತಿತ್ತು, ಈಗಿನದು ಎಲ್ಲ ಗಾಲಿಗಳನ್ನೂ ಒಟ್ಟಿಗೇ ಹಿಡಿಯುತ್ತದೆ, ತರಬೇತಿಯಲ್ಲಿ ಕಲಿಸಿದವನು ಎಷ್ಟು ಖುಷಿಯಲ್ಲಿದ್ದ, ಕಡೀ ಡಬ್ಬಿಗೂ ಒಂದ ಉಸಿರಿನ್ಯಾಗ ಸುದ್ದಿ ಮುಟ್ಟತೈತಿ ನೋಡ್ರಿ, ಮುಟ್ಟಿತು, ಶರಣು ಹಿಡಿಕೆಯನ್ನು ಕೊನೆಯವರೆಗೂ ಒತ್ತಿದ್ದ, ಬುಸ್ ಎಂದು ಗಾಳಿ ಹೊರಬಿತ್ತು, ಗಾಲಿಗಳು ಕಿರುಚಿದವು, ಹಾರ್ನಿನ ಮೇಲಿನ ಕೈ ತೆಗೆಯಲೇ ಇಲ್ಲ, ವಿಚಾರಣೆಯಲ್ಲಿ ಸಾಹೇಬರು ಬೆನ್ನು ತಟ್ಟಿದರು, ನಿಮ್ಮದೇನೂ ತಪ್ಪಿಲ್ಲ ಶರಣು, ಬ್ರೇಕ್ ಭೇಷ್ ಹಿಡದೈತಿ, ಹಳೇದಾಗಿದ್ರ ಇನ್ನೂ ಎಷ್ಟು ದೂರ ಹೋಗ್ತಿತ್ತೋ, ನಿಜ, ಮೊದಲಿಗಿಂತ ಬೇಗ ನಿಂತಿತು, ಭರಮಪ್ಪನನ್ನು ಮುಟ್ಟುವ ಮೊದಲು ನಿಲ್ಲಲಿಲ್ಲ, ಅವನ ಹೊಲ ದಾಟಿ, ಪಕ್ಕದ ಹೊಲದ ಬಾವಿಯನ್ನೂ ದಾಟಿ ನಿಂತಿತು, ಜನ ಮೊಬೈಲ್ ಹಿಡಿದು ಕೆಳಗಿಳಿದರು, ಅಂದು ಸಂಜೆ ಅಪ್ಪನ ಎದುರು ಕೂತಾಗ, ಉಗಿ ಎಂಜಿನ್ ಓಡಿಸಿ ನಿವೃತ್ತನಾದ ಪರಮೇಶ್ವರಪ್ಪ, ಎಂದೂ ಬಾಯಿ ಬಿಡದವನು ತಾನಾಗಿ ಹೇಳಿದ, ನಾವು ಬ್ರೇಕಿನ ಸಂಗಟ ಲಿವರ್ ಹಿಂದಕ್ಕ ಜಗ್ಗಿ ಗಾಲಿ ಹಿಂದಕ್ಕ ತಿರುಗ್ಲಿ ಅಂತ ಉಗಿ ಉಲ್ಟಾ ಬಿಡ್ತಿದ್ವಿ ತಮ್ಮಾ, ಆಮ್ಯಾಲೆ ಲಿವರ್ ತಗದು ತಿರುವೂ ಚಕ್ರ ಹಾಕಿದ್ರು, ವಾಲ್ವು ಸುಧಾರಿಸಿದ್ರು, ಕೈಗೆ ಹಗರಾತು, ಗಾಲಿ ಹಿಂದಕ್ಕ ತಿರುಗ್ತಿದ್ವು, ಕಿಡಿ ಹಾರ್ತಿದ್ವು, ಗಾಡಿ ಮಾತ್ರ ಮುಂದಕ್ಕ ಬರ್ತಿತ್ತು, ಯಾರಪ್ಪಾ, ನಿನ್ನ ಗಾಡಿಗೆ ಸಿಕ್ಕಾವ್ರು, ಎಂದು ಕೇಳಿದರೆ ಗೋಡೆಯ ಕಡೆ ಹೊರಳಿದ, ಅಂದರೆ ಅಪ್ಪನಿಗೂ ಒಬ್ಬರಿದ್ದರು, ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ರೊಟ್ಟಿ ತಿಂದು —

ಬ್ರೇಕ್ ಹಾಕಿದ್ರ್ಯಾ, ಎಂದು ಕೇಳಿದಳು ಶಾರವ್ವ, ಮುಖ ಎತ್ತಿದ್ದಾಳೆ, ಹಾಕಿದ್ನಬೇ, ಎಂದ ಶರಣು, ಮತ್ಯಾಕ ನಿಲ್ಲಲಿಲ್ಲ, ಅಂದಳು, ಭಾರ ಇರತೈತಿ ಯವ್ವಾ, ಅಂದ, ಅವಳು ಅದಕ್ಕೆ ತಲೆಯಾಡಿಸಿದಳು, ಭಾರ ಅವಳಿಗೂ ಗೊತ್ತು ಎಂಬಂತೆ, ಊರಾಗ ಬ್ಯಾರೇನ ಅಂತಾರ ತಮ್ಮಾ, ಎಂದಳು ಅವಳು, ಅವ ಬೇಕಂತ ಹಳಿ ಮ್ಯಾಲೆ ನಿಂತ ಅಂತಾರ, ಹೇಣ್ತಿ ಕೂಡ ಜಗಳಾಡಿ ಹೋಗಿ ನಿಂತ ಅಂತಾರ, ಜಗಳ ಆಗಿದ್ದು ಖರೇ, ಸಾರಿಗೆ ಉಪ್ಪು ಹೆಚ್ಚಾಗಿತ್ತು, ಅಷ್ಟ, ನೀ ಒಬ್ಬಾವ ನೋಡೀದಿ, ಹೇಳು, ಅವ ಏನ್ ಮಾಡಿದ, ವಿಚಾರಣೆಯಲ್ಲೂ ಹೇಳಿರಲಿಲ್ಲ ಶರಣು, ಶ್ವೇತಾಳಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ, ಎಮ್ಮಿ ದಬ್ಬಿದ್ರು, ಕಾಲು ಜಾರಿ ಹಳಿ ಮ್ಯಾಲೆ ಬಿದ್ರು, ಎದ್ದು ಕುಂತ್ರು, ಆಮ್ಯಾಲೆ ಕೈ ಮಾಡಿದ್ರು, ಎಂದ, ಹೆಂಗ, ಎಂದಳು, ಅವನ ಬಲಗೈ ತಾನಾಗಿ ಮೇಲೆದ್ದಿತು, ಚಿವುಟುವ ಸದ್ದು ನಿಂತಿತು, ಬಸ್ಸಿಗೆ ಹಂಗ ಮಾಡ್ತಿದ್ದ, ಎಂದಳು ಶಾರವ್ವ, ಸವಣೂರ ಬಸ್ಸಿಗೆ, ನಿಂತ ನಿಲ್ತೈತಿ ಅಂತ, ಸಾಯಾಕ ಹೋದಾವ ಕೈ ಮಾಡೂದಿಲ್ಲ, ಅಲ್ಲೇನು, ಮಾಡೂದಿಲ್ಲಬೇ, ಎಂದ ಶರಣು, ಅವಳು ಸೆರಗು ಬಾಯಿಗೆ ಒತ್ತಿಕೊಂಡಳು, ಇಷ್ಟು ದಿನ ತಡೆದಿಟ್ಟುಕೊಂಡವಳು ಈಗ ಅತ್ತಳು, ಉಂಡು ಹೋಗು ತಮ್ಮಾ, ಎಂದಳು ಅಳುತ್ತಲೇ, ಅವನಿಗೆ ಎತ್ತಿದ ಕೈ ಇಳಿಸಲಾಗಲಿಲ್ಲ, ಎದುರಿಗೆ ಹೊಲದ ಮಣ್ಣು ಹತ್ತಿದ ಭರಮಪ್ಪನ ಅಂಗೈ, ಬಿಚ್ಚಿದ ಐದು ಬೆರಳು, ದೊಡ್ಡದಾಗುತ್ತ, ಗೆರೆಗೆರೆಯೂ ಕಾಣುವಷ್ಟು ದೊಡ್ಡದಾಗುತ್ತ, ಅಂಗೈ —